ಸಣ್ಣ ಸದ್ದು ಕೇಳಬೇಕೆಂದರೆ

ಅವಿಭಜಿತ ಕೋಲಾರ ಜಿಲ್ಲೆ ಎಂದರೆ ಬತ್ತಿದ ಕೆರೆ, ಸಾವಿರ ಅಡಿ ದಾಟಿದ ಬೋರ್‌ವೆಲ್, ಚಿನ್ನ, ರೇಷ್ಮೆ, ಹಾಲು ನೆನಪಾಗುತ್ತವೆ. ವಿಜ್ಞಾನಿಗಳಿಗೆ ಈ ನೆಲ ಬೇಕಾಗಿದ್ದಕ್ಕೆ ಬೇರೆಯದೇ ಕಾರಣವಿತ್ತು. ಅವರು ಇಲ್ಲಿನ ಮೌನವನ್ನು ಹುಡುಕಿಕೊಂಡು ಬಂದರು. 1965ರಲ್ಲಿ ಕೋಲಾರ ಚಿನ್ನದ ಗಣಿಯೊಳಗೆ, ನೆಲದಿಂದ 2.3 ಕಿಲೋಮೀಟರ್ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನ ಸಹೋದ್ಯೋಗಿಗಳೊಡನೆ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಕಣಗಳ ಗುರುತು ಹಿಡಿದರು. ಅದೇ ವರ್ಷ ಗೌರಿಬಿದನೂರಿನಲ್ಲಿ, ಬ್ರಿಟನ್ನಿನ ಪರಮಾಣು ಶಕ್ತಿ ಪ್ರಾಧಿಕಾರದ ನೆರವಿನಿಂದ, ಭೂಮಿಯ ನಡುಕವನ್ನು ಅಳೆಯುವ 20 ಭೂಕಂಪನ ಮಾಪಕಗಳ ಒಂದು ಜಾಲ ತಲೆಯೆತ್ತಿತು. ಇಂದು ಅದು ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಕೈಯಲ್ಲಿದೆ. 1976ರಿಂದ ಅದೇ ಗೌರಿಬಿದನೂರಿನ ಬಯಲಲ್ಲಿ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆಗಳ ರೇಡಿಯೋ ದೂರದರ್ಶಕ ಆಕಾಶಕ್ಕೆ ಕಿವಿಗೊಟ್ಟು ಕೂತಿದೆ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಯಿತು. ಅಲ್ಲಿಯವರೆಗೂ ಈ ಮೂರೂ ಒಂದೇ ಜಿಲ್ಲೆಯ ಸ್ವತ್ತು.

ಮೂರರ ಕಷ್ಟವೂ ಒಂದೇ. ನ್ಯೂಟ್ರಿನೊ ನೆಲದ ಮೇಲೂ ಗಣಿಯೊಳಗೂ ಒಂದೇ ಸಮನಾಗಿ ಹಾಯುತ್ತದೆ. ಆದರೆ ನೆಲದ ಮೇಲೆ ಬೇರೆ ವಿಶ್ವಕಿರಣಗಳ ಸುರಿಮಳೆಯಲ್ಲಿ ಅದರ ಅಪರೂಪದ ಗುರುತು ಕೊಚ್ಚಿಹೋಗುತ್ತದೆ. ಗಣಿಯ ಮೇಲಿನ 2.3 ಕಿಲೋಮೀಟರ್ ಕಲ್ಲು ಆ ಮಳೆಗೆ ಕೊಡೆ ಹಿಡಿಯಿತು. ಭೂಕಂಪನ ಜಾಲ ಹಿಡಿಯಬೇಕಿದ್ದ, ಸಾವಿರಾರು ಕಿಲೋಮೀಟರ್ ಆಚೆ ಭೂಗರ್ಭದಲ್ಲಿ ಸಿಡಿದ ಅಣುಬಾಂಬು ಗೌರಿಬಿದನೂರಿನ ಬಂಡೆಯನ್ನು ಅಲುಗಿಸುವುದು ಕಣ್ಣಿಗೆ ಕಾಣದಷ್ಟು. ಲಾರಿ ಓಡಾಟ, ಗಾಳಿಗೆ ತೂಗುವ ಮರದ ಬೇರು, ಕಡಲಲೆಯ ಬಡಿತ ಎಲ್ಲವೂ ಅದಕ್ಕಿಂತ ಜೋರು. ಹಾಗಾಗಿ ಸಮುದ್ರದಿಂದ ದೂರದ, ಗಟ್ಟಿ ಬಂಡೆಯ, ಜನಸಂಚಾರ ಕಡಿಮೆಯಿದ್ದ ನೆಲ ಬೇಕಾಯಿತು. ರೇಡಿಯೋ ದೂರದರ್ಶಕಕ್ಕೂ ಹಾಗೆಯೇ. ಆಕಾಶಕಾಯಗಳಿಂದ ಬರುವ ಸಂಕೇತ ಎಷ್ಟು ಬಡವೆಂದರೆ, ಚಂದ್ರನ ಮೇಲೆ ಒಂದು ಮೊಬೈಲ್ ಇಟ್ಟು ಚಾಲೂ ಮಾಡಿದರೆ ಅದರ ತರಂಗಾಂತರದಲ್ಲಿ ಇಡೀ ಆಕಾಶದ ಅತಿ ಪ್ರಖರ ಆಕರಗಳ ಸಾಲಿಗೆ ಅದು ಸೇರಿಬಿಡುತ್ತದೆ. ಅಮೆರಿಕದ ಗ್ರೀನ್ ಬ್ಯಾಂಕ್ ಎಂಬ ಊರಿನ ಸುತ್ತ 1958ರಲ್ಲೇ ಸುಮಾರು 34,000 ಚದರ ಕಿಲೋಮೀಟರ್ ಜಾಗವನ್ನು ರೇಡಿಯೋ ಮೌನವಲಯವೆಂದು ಕಾಯ್ದಿರಿಸಿದ್ದು ಇದಕ್ಕಾಗಿ.

ಇದೇ ಗೌರಿಬಿದನೂರು ತಾಲೂಕಿನಲ್ಲಿ ಕುಡುಮಲಕುಂಟೆ ಇದೆ. ಊರಿನ ಹೆಸರಿನಲ್ಲೇ ಕುಂಟೆ. ಮಳೆನೀರು ಇಳಿದು ನಿಲ್ಲುವ, ದನ ನೀರು ಕುಡಿಯುವ ಸಣ್ಣ ಜಲಾಶಯ. ಈಗ ಊರಿನ ಹೆಸರು ಪತ್ರಿಕೆಯಲ್ಲಿ ಬರುವುದು ಹೆಚ್ಚಾಗಿ ಕೈಗಾರಿಕಾ ಪ್ರದೇಶದ ಸುದ್ದಿಯಲ್ಲಿ. ಪಾಳಿ ಕೆಲಸ, ಕಾರ್ಖಾನೆಯ ದೀಪ, ಲಾರಿಗಳ ಸಾಲು, ಪ್ರತಿ ಜೇಬಿನಲ್ಲೂ ಫೋನು. ದೇಶದ ಎಲ್ಲ ಹಳ್ಳಿಗಳಲ್ಲಿ 2016ರ ನಂತರ ಅಗ್ಗದ ಡೇಟಾ ಬಂದ ಮೇಲೆ ಆದದ್ದು ಇಲ್ಲೂ ಆಗಿದೆ. ಭಾರತದಲ್ಲಿ ಒಬ್ಬ ಬಳಕೆದಾರ ಈಗ ಸರಾಸರಿ ತಿಂಗಳಿಗೆ 20 ಜಿಬಿಗೂ ಹೆಚ್ಚು ಡೇಟಾ ಖರ್ಚು ಮಾಡುತ್ತಾನೆ. ವಿಜ್ಞಾನ ಮೌನವನ್ನು ಅರಸಿ ಬಂದ ತಾಲೂಕಿನಲ್ಲೇ ಮೌನ ಈಗ ವಿರಳವಾದ ವಸ್ತು. ಫೋನನ್ನು ಬದಿಗಿಟ್ಟು ಬದುಕಿನ ಸಣ್ಣ ಸುಖಗಳನ್ನು ಸವಿಯಬೇಕು ಎಂಬ ಮಾತನ್ನು ಎಲ್ಲರೂ ಆಡುತ್ತಾರೆ. ಬಹಳ ಸಲ ಅದು ಹಿರಿಯರ ಗೊಣಗಾಟವಾಗಿಯೋ ಹಳೆಯ ಕಾಲದ ಹಂಬಲವಾಗಿಯೋ ಕೇಳಿಸುತ್ತದೆ. ನನಗನಿಸುವಂತೆ ಅದರ ಹಿಂದೆ ಹಂಬಲಕ್ಕಿಂತ ಗಟ್ಟಿಯಾದ ಒಂದು ಭೌತಿಕ ಕಾರಣವಿದೆ. ಅದನ್ನು ಗೌರಿಬಿದನೂರಿನ ಉಪಕರಣಗಳೇ ಚೆನ್ನಾಗಿ ತೋರಿಸಿಕೊಡುತ್ತವೆ. ಸಣ್ಣ ಸುಖ ಎಂದರೆ ಸಣ್ಣ ಸಂಕೇತ. ಅದು ಇಲ್ಲವಾಗಿರುವುದಿಲ್ಲ. ಹಿನ್ನೆಲೆಯ ಗದ್ದಲ ಅದಕ್ಕಿಂತ ದೊಡ್ಡದಾದಾಗ ದಾಖಲಾಗುವುದಿಲ್ಲ, ಅಷ್ಟೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹುಳುಮನೆಗಳಲ್ಲಿ ರೇಷ್ಮೆಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದ ಮೇಲೆ ಸುಮಾರು ಒಂದು ವಾರ ಹಗಲು ರಾತ್ರಿ ತಿನ್ನುತ್ತದೆ. ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಮುಕ್ಕಾಲಿಗೂ ಹೆಚ್ಚು ಪಾಲನ್ನು ಅದು ಈ ಒಂದೇ ವಾರದಲ್ಲಿ ಮುಗಿಸುತ್ತದೆ. ಹಿಪ್ಪುನೇರಳೆ ಸೊಪ್ಪು ಹಾಸಿದ ಕೆಲವೇ ನಿಮಿಷಕ್ಕೆ ಎಲೆಯ ಅಂಚಿನಿಂದ ಒಳಕ್ಕೆ ಅರ್ಧಚಂದ್ರಾಕಾರದ ಕಚ್ಚುಗಳು ಮೂಡುತ್ತವೆ. ಹುಳುವಿನ ತಲೆ ಮೇಲಿನಿಂದ ಕೆಳಕ್ಕೆ ಇಳಿದು, ಮತ್ತೆ ಮೇಲಕ್ಕೆ ಹೋಗಿ, ಮತ್ತೆ ಇಳಿಯುತ್ತದೆ. ಒಂದು ಹುಳುವಿನ ಸದ್ದು ಯಾರಿಗೂ ಕೇಳದು. ಸಾವಿರಾರು ಹುಳು ಒಟ್ಟಿಗೆ ತಿನ್ನುವಾಗ ಹೆಂಚಿನ ಮೇಲೆ ಸೋನೆ ಮಳೆ ಬಿದ್ದಂತೆ ಒಂದು ಸದ್ದು ಇಡೀ ಮನೆ ತುಂಬುತ್ತದೆ. ಸಾಕುವವರಿಗೆ ಅದು ಸುಖವೂ ಹೌದು, ಸುದ್ದಿಯೂ ಹೌದು: ಸದ್ದು ಒಂದೇ ಸಮನೆ ಇದ್ದರೆ ಹುಳು ಆರೋಗ್ಯವಾಗಿದೆ, ಮೇವು ಸಾಕಾಗಿದೆ; ಇಳಿಯುತ್ತ ಬಂದರೆ ಸೊಪ್ಪು ಮುಗಿದಿದೆ, ಇಲ್ಲವೇ ಹುಳು ಹಣ್ಣಾಗುತ್ತಿದೆ, ಗೂಡು ಕಟ್ಟಲು ಚಂದ್ರಿಕೆಗೆ ಎತ್ತುವ ಹೊತ್ತು ಹತ್ತಿರ ಬಂದಿದೆ. ಆದರೆ ಮೂಲೆಯಲ್ಲಿ ಒಂದು ಫೋನಿನಿಂದ ಹಾಡು ಬರುತ್ತಿದ್ದರೆ ಸಾಕು, ಈ ಸದ್ದು ಹೋಯಿತು. ಹುಳು ತಿನ್ನುವುದು ನಿಲ್ಲಿಸಲಿಲ್ಲ, ಎಲೆ ಕಡಿಮೆಯಾಗಲಿಲ್ಲ, ಕಿವಿಯ ಪೊರೆ ಅಲುಗುವುದೂ ನಿಲ್ಲಲಿಲ್ಲ. ಆದರೂ ಸದ್ದು ಇಲ್ಲ.

ಇದಕ್ಕೆ ಶರೀರಶಾಸ್ತ್ರದಲ್ಲಿ ಸುಮಾರು ಇನ್ನೂರು ವರ್ಷ ಹಳೆಯ ಒಂದು ನಿಯಮವಿದೆ. 1830ರ ದಶಕದಲ್ಲಿ ಜರ್ಮನಿಯ ಅರ್ನ್ಸ್ಟ್ ವೆಬರ್ ಜನರ ಕೈಗೆ ತೂಕಗಳನ್ನು ಕೊಟ್ಟು ಪರೀಕ್ಷಿಸಿದ. ನಮ್ಮ ಇಂದ್ರಿಯಗಳು ವ್ಯತ್ಯಾಸವನ್ನು ಗ್ರಾಂ ಲೆಕ್ಕದಲ್ಲಿ ಗುರುತಿಸುವುದಿಲ್ಲ, ಈಗಾಗಲೇ ಇರುವುದರ ಪಾಲಿನ ಲೆಕ್ಕದಲ್ಲಿ ಗುರುತಿಸುತ್ತವೆ ಎಂದು ಅವನಿಗೆ ಕಂಡುಬಂತು. ಅಂಗೈಯಲ್ಲಿ ಕಾಲು ಕೆಜಿ ಬೆಲ್ಲದ ಪೊಟ್ಟಣವಿದ್ದಾಗ ಅದರ ಮೇಲೆ ಒಂದು ನಿಂಬೆಹಣ್ಣು ಇಟ್ಟರೆ ಕೈಗೆ ತಕ್ಷಣ ಗೊತ್ತಾಗುತ್ತದೆ. ಹತ್ತು ಕೆಜಿ ರಾಗಿ ಚೀಲ ಹಿಡಿದವನಿಗೆ ಅದೇ ನಿಂಬೆಹಣ್ಣು ಗೊತ್ತೇ ಆಗದು. ನಿಂಬೆಹಣ್ಣಿನ ತೂಕ ಬದಲಾಗಿಲ್ಲ. ಬೆಳಕಿಗೂ ಸದ್ದಿಗೂ ಈ ನಿಯಮ ಸುಮಾರಾಗಿ ಹೊಂದುತ್ತದೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ವೆಬರ್ ಅಳೆದದ್ದು ತೂಕವನ್ನು, ಸಂತೋಷವನ್ನಲ್ಲ. ತೂಕದ ನಿಯಮವನ್ನು ಸುಖಕ್ಕೆ ಹಾಗೇ ಅನ್ವಯಿಸುವುದು ಆತುರವಾದೀತು. ಆದರೆ ಸುಖದ ವಿಷಯದಲ್ಲೂ ಹಿನ್ನೆಲೆ ಮುಖ್ಯವೆಂಬುದಕ್ಕೆ ಬೇರೆ ಪುರಾವೆ ಇದೆ. 2010ರಲ್ಲಿ ಪ್ರಕಟವಾದ ಜೋರ್ಡಿ ಕ್ವಾಡ್‌ಬಾಖ್ ಮತ್ತು ಸಂಗಡಿಗರ ಪ್ರಯೋಗದಲ್ಲಿ ಕೆನಡಾದ ವಿದ್ಯಾರ್ಥಿಗಳಿಗೆ ಒಂದು ತುಂಡು ಚಾಕೊಲೇಟ್ ಕೊಟ್ಟರು. ಅದಕ್ಕೆ ಮೊದಲು ಕೆಲವರಿಗೆ ಮಾತ್ರ ಹಣದ ಚಿತ್ರ ಕಾಣುವಂತೆ ಇಟ್ಟಿದ್ದರು. ಹಣದ ಚಿತ್ರ ಕಂಡವರು ಬೇಗ ತಿಂದು ಮುಗಿಸಿದರು. ಗಮನಿಸುತ್ತಿದ್ದವರಿಗೆ ಅವರ ಮುಖದಲ್ಲಿ ಸವಿದ ಕಳೆಯೂ ಕಡಿಮೆ ಕಂಡಿತು. ಇನ್ನೂ ದೊಡ್ಡದೊಂದು ಇದೆ ಎಂಬ ಬರೀ ನೆನಪು ಕೈಯಲ್ಲಿರುವ ಸಣ್ಣದನ್ನು ಮಂಕಾಗಿಸಿತು. ಫೋನು ಇಡೀ ದಿನ ಮಾಡುವ ಕೆಲಸ ಇದೇ ಅಲ್ಲವೇ? ಎದುರಿಗಿರುವ ರಾಗಿಮುದ್ದೆ ಬಸ್ಸಾರಿಗಿಂತ ಚೆನ್ನಾಗಿರುವುದು ಇನ್ನೆಲ್ಲೋ ಇದೆ ಎಂದು ಅದು ನೆನಪಿಸುತ್ತಲೇ ಇರುತ್ತದೆ.

ಕಣ್ಣಿನ ವಿಷಯದಲ್ಲಿ ಹೋಲಿಕೆಯ ಹಂಗೇ ಬೇಡ. ಅಲ್ಲಿ ಫೋನು ನೇರವಾಗಿಯೇ ನಡುವೆ ಬರುತ್ತದೆ. ರಾತ್ರಿ ಕರೆಂಟು ಹೋದಾಗ ಅಂಗಳಕ್ಕೆ ಬಂದರೆ ಮೊದಲು ಬರೀ ಕಪ್ಪು. ಕಣ್ಣಿನ ಪಾಪೆ ಕೆಲವು ಸೆಕೆಂಡುಗಳಲ್ಲೇ ಅಗಲವಾಗುತ್ತದೆ, ಆದರೆ ಅದು ಅಲ್ಪ ನೆರವು. ನಿಜವಾದ ಕೆಲಸ ನಡೆಯುವುದು ಅಕ್ಷಿಪಟಲದಲ್ಲಿ. ಬಣ್ಣ ನೋಡುವ ಶಂಕುಕೋಶಗಳು ಹತ್ತು ನಿಮಿಷದೊಳಗೆ ತಮ್ಮ ಮಿತಿ ಮುಟ್ಟಿ ನಿಲ್ಲುತ್ತವೆ. ಮಬ್ಬಿನಲ್ಲಿ ಕೆಲಸ ಮಾಡುವ ದಂಡಕೋಶಗಳಲ್ಲಿ ರೊಡಾಪ್ಸಿನ್ ಎಂಬ ವರ್ಣದ್ರವ್ಯ ಬೆಳಕಿಗೆ ಒಡೆದುಹೋಗಿರುತ್ತದೆ. ಕತ್ತಲಲ್ಲಿ ಅದು ನಿಧಾನವಾಗಿ ಮತ್ತೆ ಕೂಡಿಕೊಳ್ಳುತ್ತದೆ. ಪೂರ್ತಿ ಕೂಡಿಕೊಳ್ಳಲು ಮೂವತ್ತು ನಲವತ್ತು ನಿಮಿಷ ಬೇಕು. ಅಷ್ಟು ಕಾದರೆ ಕಣ್ಣಿನ ಸೂಕ್ಷ್ಮತೆ ಸಾವಿರಾರು ಪಟ್ಟು ಹೆಚ್ಚುತ್ತದೆ. ತೆಂಗಿನ ಗರಿಯ ಅಂಚು ಕಾಣುತ್ತದೆ, ಹಟ್ಟಿಯ ಮುಂದೆ ಮಲಗಿದ ಹಸುವಿನ ಬೆನ್ನಿನ ಗೆರೆ ಕಾಣುತ್ತದೆ, ಆಕಾಶದಲ್ಲಿ ಮೊದಲು ಹತ್ತಿಪ್ಪತ್ತು ಇದ್ದ ಚುಕ್ಕಿ ಎಣಿಕೆ ತಪ್ಪಿಸುತ್ತದೆ. ಈ ನಡುವೆ ಗಂಟೆ ಎಷ್ಟಾಯಿತೆಂದು ಒಮ್ಮೆ ಫೋನಿನ ಪರದೆ ಬೆಳಗಿಸಿದರೆ ಕೂಡಿಟ್ಟದ್ದರಲ್ಲಿ ದೊಡ್ಡ ಪಾಲು ಕ್ಷಣದಲ್ಲಿ ಖರ್ಚಾಗಿ, ಮತ್ತೆ ಕಾಯಬೇಕು. ನೋಡಿದ್ದು ಎರಡು ಸೆಕೆಂಡು, ತೆತ್ತಿದ್ದು ಹಲವು ನಿಮಿಷ. ಫೋನಿನ ಖರ್ಚನ್ನು ಅದನ್ನು ನೋಡಿದ ಹೊತ್ತಿನಲ್ಲಿ ಅಳೆಯುವ ನಮ್ಮ ರೂಢಿ ಎಷ್ಟು ತಪ್ಪೆಂಬುದು ಇಲ್ಲಿ ಕಣ್ಣಿಗೇ ಕಟ್ಟುತ್ತದೆ.

ಕ್ಷೀಣ ಸಂಕೇತ ಹಿಡಿಯಲು ವಿಜ್ಞಾನಿಗಳಿಗೆ ಗೊತ್ತಿರುವ ಮುಖ್ಯ ಹಾದಿಗಳು ಎರಡು. ಗದ್ದಲ ಕಡಿಮೆ ಮಾಡುವುದು ಒಂದು. ಒಂದೇ ಕಡೆ ಹೆಚ್ಚು ಹೊತ್ತು ನಿಲ್ಲುವುದು ಇನ್ನೊಂದು. ಎರಡನೆಯದರ ಗಣಿತ ಸೊಗಸಾಗಿದೆ. ಗದ್ದಲ ಗೊತ್ತುಗುರಿಯಿಲ್ಲದೆ ಏರಿಳಿಯುತ್ತದೆ, ಸಂಕೇತ ಒಂದೇ ದಿಕ್ಕಿಗೆ ನಿಂತಿರುತ್ತದೆ. ಕೂಡುತ್ತ ಹೋದರೆ ಗದ್ದಲದ ಏರಿಳಿತಗಳು ಒಂದನ್ನೊಂದು ಅಳಿಸಿಕೊಳ್ಳುತ್ತವೆ, ಸಂಕೇತ ಉಳಿಯುತ್ತದೆ. ಈ ಲಾಭ ಕಾಲದ ವರ್ಗಮೂಲದಷ್ಟು. ನೂರು ಪಟ್ಟು ಹೊತ್ತು ಆಕಾಶದ ಒಂದೇ ತಾಣವನ್ನು ನೋಡಿದರೆ ಹತ್ತು ಪಟ್ಟು ಮಂದವಾದದ್ದು ಕಾಣುತ್ತದೆ. ಗೌರಿಬಿದನೂರಿನ 20 ಭೂಕಂಪನ ಮಾಪಕಗಳು ಇದನ್ನೇ ಜಾಗದಲ್ಲಿ ಮಾಡುತ್ತವೆ: ಇಪ್ಪತ್ತೂ ಕಡೆಯ ದಾಖಲೆಗಳನ್ನು ಸರಿಯಾಗಿ ಹೊಂದಿಸಿ ಕೂಡಿದಾಗ ಸ್ಥಳೀಯ ಗದ್ದಲದೆದುರು ದೂರದ ನಡುಕ ಸುಮಾರು ನಾಲ್ಕೂವರೆ ಪಟ್ಟು ಸ್ಪಷ್ಟವಾಗಬಲ್ಲದು. ಮನುಷ್ಯನ ಗಮನಕ್ಕೂ ಇದರ ನೆಂಟಸ್ತಿಕೆ ಇದೆ ಎನ್ನಲು ಆಧಾರವಿದೆ. ಟೊರಾಂಟೊ ವಿಶ್ವವಿದ್ಯಾಲಯದ ಕೇಟಿ ಟ್ಯಾಮ್ ಮತ್ತು ಮೈಕೆಲ್ ಇನ್ಜ್‌ಲಿಕ್ಟ್ 2024ರಲ್ಲಿ 1,200ಕ್ಕೂ ಹೆಚ್ಚು ಜನರೊಡನೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಬೇಸರ ಕಳೆಯಲು ಒಂದು ವಿಡಿಯೋದಿಂದ ಇನ್ನೊಂದಕ್ಕೆ ಹಾರಬಹುದು, ಮುಂದಕ್ಕೆ ಓಡಿಸಬಹುದು ಎಂಬ ಸ್ವಾತಂತ್ರ್ಯವಿದ್ದವರಿಗೆ ಬೇಸರ ಕಡಿಮೆಯಾಗಬೇಕಿತ್ತು. ಅವರೂ ಹಾಗೇ ನಿರೀಕ್ಷಿಸಿದ್ದರು. ಆದದ್ದು ತಿರುಗುಮುರುಗು: ಒಂದನ್ನೇ ಕೊನೆತನಕ ನೋಡಿದವರಿಗಿಂತ ಹಾರುತ್ತಿದ್ದವರಿಗೇ ಬೇಸರ ಹೆಚ್ಚಾಯಿತು. ಫೋನು ಎರಡೂ ಹಾದಿಗಳನ್ನು ಒಟ್ಟಿಗೆ ಮುಚ್ಚುತ್ತದೆ. ಹಿನ್ನೆಲೆಯ ಗದ್ದಲ ಏರಿಸುತ್ತದೆ, ನಿಲ್ಲುವ ಹೊತ್ತನ್ನು ತುಂಡರಿಸುತ್ತದೆ. ಟಿ.ವಿ., ರೇಡಿಯೋ, ಧ್ವನಿವರ್ಧಕ ಇವೆಲ್ಲ ಮೊದಲನೆಯದನ್ನು ಮಾತ್ರ ಮಾಡುತ್ತಿದ್ದವು. ಹಳೆಯ ಯಂತ್ರಗಳ ಬಗ್ಗೆಯೂ ಹಿಂದೆ ಇದೇ ದೂರು ಇತ್ತಲ್ಲ ಎನ್ನುವವರು ಈ ವ್ಯತ್ಯಾಸವನ್ನು ಗಮನಿಸಬೇಕು.

ಗೌರಿಬಿದನೂರು ತಾಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಭೌತವಿಜ್ಞಾನಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು, ಬೆಂಗಳೂರು ಸೈನ್ಸ್ ಫೋರಂ ಕಟ್ಟಿದವರು. ಯಾವುದನ್ನೂ ಪ್ರಶ್ನೆ ಕೇಳದೆ ಒಪ್ಪದವರು. ಅವರ ಊರಿನ ಪಕ್ಕದಲ್ಲಿ ನಿಂತು ಹೀಗೊಂದು ವಾದ ಮಂಡಿಸುವಾಗ ಅವರು ಕೇಳಬಹುದಾಗಿದ್ದ ಪ್ರಶ್ನೆಗಳಿಗೆ ಉತ್ತರ ಇಟ್ಟುಕೊಂಡಿರಬೇಕು. ಮೊದಲನೆಯದು ಪರಿಣಾಮದ ಗಾತ್ರದ್ದು. ಫೋನು ಬಿಟ್ಟರೆ ನಿಜಕ್ಕೂ ಜನ ಸುಖವಾಗುತ್ತಾರೆಯೇ? ಅಮೆರಿಕದಲ್ಲಿ 2018ರ ಚುನಾವಣೆಗೆ ಮುನ್ನ ಅರ್ಥಶಾಸ್ತ್ರಜ್ಞ ಹಂಟ್ ಆಲ್ಕಾಟ್ ತಂಡ ಸಾವಿರಾರು ಜನರನ್ನು ಆಯ್ದು, ಅವರಲ್ಲಿ ಒಂದು ಪಾಲಿನವರಿಗೆ ನಾಲ್ಕು ವಾರ ಫೇಸ್‌ಬುಕ್ ಬಿಡಲು ಹಣ ಕೊಟ್ಟಿತು. ಬಿಟ್ಟವರಿಗೆ ದಿನಕ್ಕೆ ಸುಮಾರು ಒಂದು ಗಂಟೆ ಬಿಡುವಾಯಿತು, ಮನೆಯವರೊಡನೆ ಗೆಳೆಯರೊಡನೆ ಕಳೆದ ಹೊತ್ತು ಹೆಚ್ಚಿತು, ನೆಮ್ಮದಿಯೂ ಹೆಚ್ಚಿತು. ಆದರೆ ಹೆಚ್ಚಿದ್ದು ಅಲ್ಪ. ವ್ಯಾಂಕೂವರಿನಲ್ಲಿ 2018ರ ಇನ್ನೊಂದು ಅಧ್ಯಯನ: ಬಂಧುಮಿತ್ರರೊಡನೆ ಊಟಕ್ಕೆ ಕೂತ 300ಕ್ಕೂ ಹೆಚ್ಚು ಮಂದಿಯಲ್ಲಿ ಮೇಜಿನ ಮೇಲೆ ಫೋನು ಇಟ್ಟುಕೊಂಡವರಿಗೆ ಗಮನ ಚದುರಿತು, ಊಟದ ಖುಷಿ ಕುಗ್ಗಿತು. ಅದೂ ಅಲ್ಪವೇ. ಫೋನು ಮೇಜಿನ ಮೇಲೆ ಸುಮ್ಮನೆ ಬಿದ್ದಿದ್ದರೂ ಬುದ್ಧಿ ಮಂಕಾಗುತ್ತದೆಂದು ಟೆಕ್ಸಾಸಿನ ಸಂಶೋಧಕರು 2017ರಲ್ಲಿ ಹೇಳಿದರು. ಆಮೇಲೆ ಅದನ್ನು ಮರಳಿ ಮಾಡಿ ನೋಡಿದ ಕೆಲವರಿಗೆ ಅದು ಕಾಣಲಿಲ್ಲ. ಹದಿಹರೆಯದವರ ನೆಮ್ಮದಿಯ ಏರುಪೇರಿನಲ್ಲಿ ಪರದೆಯ ಪಾಲು ಶೇ. 0.4ರಷ್ಟು ಮಾತ್ರ ಎಂದು ಏಮಿ ಓರ್ಬೆನ್ ಮತ್ತು ಆಂಡ್ರ್ಯೂ ಷಿಬಿಲ್ಸ್ಕಿ 2019ರಲ್ಲಿ ಲೆಕ್ಕ ಹಾಕಿದ್ದಾರೆ.

ಈ ಅಂಕಿಗಳನ್ನು ಮುಚ್ಚಿಟ್ಟು ವಾದ ಗೆಲ್ಲಬೇಕಿಲ್ಲ. ಅವು ಹೇಳುವುದನ್ನು ಪೂರ್ತಿ ಒಪ್ಪುತ್ತೇನೆ. ಒಬ್ಬ ಮನುಷ್ಯನ ಒಟ್ಟು ನೆಮ್ಮದಿಯನ್ನು ನಿರ್ಧರಿಸುವುದು ಸಾಲ, ಆರೋಗ್ಯ, ಕೆಲಸ, ಮನೆಯ ಜಗಳ, ಮಳೆ. ಬೋರ್‌ವೆಲ್ ಬತ್ತಿದ ರೈತನಿಗೆ ಫೋನು ಆರಿಸಿ ಚುಕ್ಕಿ ನೋಡು ಎಂದರೆ ಅದು ಅವಮಾನ. ನನ್ನ ವಾದ ಅದಕ್ಕಿಂತ ಚಿಕ್ಕದು, ಆದ್ದರಿಂದಲೇ ಗಟ್ಟಿ. ದೂರದರ್ಶಕ ಮೌನವಲಯದಲ್ಲಿದ್ದ ಮಾತ್ರಕ್ಕೆ ನಕ್ಷತ್ರ ಹೆಚ್ಚು ಬೆಳಗುವುದಿಲ್ಲ. ಇರುವ ಬೆಳಕು ದಾಖಲಾಗುತ್ತದೆ, ಅಷ್ಟೆ. ‘ಒಟ್ಟಾರೆ ಬದುಕು ಹೇಗಿದೆ, ಹತ್ತರಲ್ಲಿ ಎಷ್ಟು ಅಂಕ’ ಎಂದು ಕೇಳುವ ಪ್ರಶ್ನಾವಳಿ ಒರಟು ಮಾಪಕ. ಮಂಗಳವಾರ ಸಂಜೆ ಹುಳುಮನೆಯಲ್ಲಿ ಕೇಳಿದ ಸೋನೆಯ ಸದ್ದು ಅದರ ಮುಳ್ಳನ್ನು ಅಲುಗಿಸದು. ಕ್ಷಣಕ್ಷಣದ ಅನುಭವವನ್ನು ಅಳೆದಾಗ ಚಿತ್ರ ಬದಲಾಗುತ್ತದೆ. 2010ರಲ್ಲಿ ಹಾರ್ವರ್ಡಿನ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2,250 ಜನರನ್ನು ದಿನದ ಬೇರೆಬೇರೆ ಹೊತ್ತಿನಲ್ಲಿ ತಡೆದು ಕೇಳಿದರು: ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅದರಲ್ಲಿದೆಯೇ, ಎಷ್ಟು ಖುಷಿಯಾಗಿದ್ದೀರಿ? ಶೇ. 46.9ರಷ್ಟು ಸಲ ಮನಸ್ಸು ಬೇರೆಲ್ಲೋ ಇತ್ತು. ಯಾವ ಕೆಲಸ ಮಾಡುತ್ತಿದ್ದಾರೆ ಎಂಬುದಕ್ಕಿಂತ ಮನಸ್ಸು ಅಲ್ಲೇ ಇದೆಯೋ ಇಲ್ಲವೋ ಎಂಬುದೇ ಅವರ ಆ ಕ್ಷಣದ ಖುಷಿಯನ್ನು ಹೆಚ್ಚು ಚೆನ್ನಾಗಿ ಹೇಳುತ್ತಿತ್ತು. ಈ ಪ್ರಯೋಗ ನಡೆದದ್ದು ಐಫೋನಿನ ಒಂದು ಆ್ಯಪ್ ಮೂಲಕ ಎಂಬುದನ್ನು ಮರೆಯಬಾರದು. ಗಮನವನ್ನು ಚದುರಿಸುವ ಸಲಕರಣೆಯಿಂದಲೇ ಗಮನದ ಬೆಲೆ ಅಳೆದದ್ದೂ ಆಯಿತು.

ಎರಡನೆಯ ಪ್ರಶ್ನೆಯೂ ಇಲ್ಲಿಂದಲೇ ಹುಟ್ಟುತ್ತದೆ: ಫೋನು ಸುಖವನ್ನು ಹೆಚ್ಚಿಸುವುದೂ ಉಂಟಲ್ಲ? ಉಂಟು. ಕ್ರಿಸ್ಟಿನ್ ಡೀಲ್ ಮತ್ತು ಸಂಗಡಿಗರು 2016ರಲ್ಲಿ ತೋರಿಸಿದಂತೆ, ಫೋಟೋ ತೆಗೆಯುತ್ತ ನೋಡಿದವರಿಗೆ ಸುಮ್ಮನೆ ನೋಡಿದವರಿಗಿಂತ ಹಲವು ಅನುಭವಗಳು ಹೆಚ್ಚು ರುಚಿಸಿದವು. ಫೋಟೋ ತೆಗೆಯಬೇಕೆಂದರೆ ದಿಟ್ಟಿಸಿ ನೋಡಬೇಕು, ನೋಟ ಆಳಕ್ಕಿಳಿಯಿತು. ಆದರೆ ಅದೇ ತಂಡ ಎರಡು ವರ್ಷದ ನಂತರ ಇನ್ನೊಂದನ್ನು ಕಂಡಿತು. ತನಗಾಗಿ ತೆಗೆಯುವ ಬದಲು ಜಾಲತಾಣದಲ್ಲಿ ಹಂಚಲೆಂದು ತೆಗೆದಾಗ ಖುಷಿ ಇಳಿಯಿತು, ಏಕೆಂದರೆ ಈಗ ಮನಸ್ಸಿನ ಒಂದು ಪಾಲು ನೋಡುವವರ ಅಭಿಪ್ರಾಯ ಕಾಯುತ್ತಿತ್ತು. ಉಪಕರಣ ಎರಡೂ ಸಲ ಒಂದೇ. ಇದೇ ತಾಲೂಕಿನ ವಿದುರಾಶ್ವತ್ಥದ ವೀರಸೌಧದ ಮುಂದೆ 1938ರ ಗೋಲಿಬಾರಿನಲ್ಲಿ ಮಡಿದವರ ನೆನಪಿಗೆ ನಿಂತ ಸ್ಮಾರಕದ ಚಿತ್ರವನ್ನು ಒಬ್ಬಳು ತನ್ನ ಮಗಳಿಗೆ ತೋರಿಸಲು ತೆಗೆಯುವುದಕ್ಕೂ, ಬೆನ್ನು ತಿರುಗಿಸಿ ತನ್ನ ಮುಖ ಸೇರಿಸಿ ತೆಗೆಯುವುದಕ್ಕೂ ವ್ಯತ್ಯಾಸವಿದೆ. ಆ ವ್ಯತ್ಯಾಸ ಯಂತ್ರದೊಳಗಿಲ್ಲ. ಹಾಗಾಗಿ ತಂತ್ರಜ್ಞಾನಕ್ಕೂ ಸರಳ ಬದುಕಿಗೂ ಹಗೆ ಹಚ್ಚುವ ಮಾತು ನನಗೆ ಒಪ್ಪಿಗೆಯಿಲ್ಲ. ಮೌನವನ್ನು ಕೇಳುವ ದೂರದರ್ಶಕದ ಹೊಟ್ಟೆ ತುಂಬ ಇರುವುದು ಇಲೆಕ್ಟ್ರಾನಿಕ್ಸೇ.

ಮೂರನೆಯ ಆಕ್ಷೇಪ ಇನ್ನೂ ಒರಟು: ಜನರಿಗೆ ಮೌನವೇ ಬೇಡ. 2014ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ತಿಮೋತಿ ವಿಲ್ಸನ್ ತಂಡ ಜನರನ್ನು ಖಾಲಿ ಕೋಣೆಯಲ್ಲಿ 15 ನಿಮಿಷ ಒಂಟಿಯಾಗಿ ಕೂರಿಸಿತು. ಬೇಕಿದ್ದರೆ ಗುಂಡಿ ಒತ್ತಿ ತಮಗೆ ತಾವೇ ಸಣ್ಣ ಕರೆಂಟು ಹೊಡೆಸಿಕೊಳ್ಳಬಹುದಿತ್ತು. ಗಂಡಸರಲ್ಲಿ ಮೂರನೇ ಎರಡರಷ್ಟು, ಹೆಂಗಸರಲ್ಲಿ ಕಾಲುಭಾಗ ಜನ ಒಮ್ಮೆಯಾದರೂ ಒತ್ತಿದರು. ಸುಮ್ಮನೆ ಕೂರುವುದಕ್ಕಿಂತ ಅದೇ ಮೇಲು ಎನಿಸಿತು ಅವರಿಗೆ. ಇದು ನಿಜ, ಫೋನು ಕೆಳಗಿಟ್ಟ ಮೊದಲ ನಿಮಿಷಗಳ ಚಡಪಡಿಕೆಯನ್ನು ಯಾರೂ ಅಲ್ಲಗಳೆಯಲಾಗದು. ಆದರೆ 15 ನಿಮಿಷ ಎಂಬುದು ಎಂಥ ಅವಧಿ ಎಂದು ಕೇಳಬೇಕು. ಕತ್ತಲಿಗೆ ಬಂದ ಕಣ್ಣಿನ ದಂಡಕೋಶಗಳು ಅಷ್ಟು ಹೊತ್ತಿಗೆ ಅರ್ಧ ದಾರಿಯಲ್ಲಿರುತ್ತವೆ. ಆಗ ಎದ್ದು ಒಳಗೆ ಹೋದವನು ಹೊರಗೆ ಏನೂ ಇಲ್ಲ ಎಂದು ವರದಿ ಮಾಡಿದರೆ ಅದು ಸುಳ್ಳಲ್ಲ, ಆದರೆ ಆಕಾಶದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಮನಸ್ಸಿಗೂ ಕಣ್ಣಿನಂತೆ ಹೊಂದಿಕೊಳ್ಳುವ ಅವಧಿ ಇದೆ ಎಂಬುದು ನನ್ನ ಊಹೆ, ಅಳೆದ ಸತ್ಯವಲ್ಲ. ಇನ್ನೊಂದು ಮಾತು: ಖಾಲಿ ಕೋಣೆ ಮೌನಕ್ಕೆ ಒಳ್ಳೆಯ ಮಾದರಿಯಲ್ಲ. ಅಲ್ಲಿ ಗದ್ದಲವೂ ಇಲ್ಲ, ಸಂಕೇತವೂ ಇಲ್ಲ. ಫೋನು ಆರಿಸಿದ ಹಳ್ಳಿಯ ಸಂಜೆಯಲ್ಲಿ ಕೊಟ್ಟಿಗೆಯ ಗಂಟೆ, ಒಗ್ಗರಣೆಯ ವಾಸನೆ, ಜಗುಲಿಯ ತಂಪು, ತೆಲುಗು ಕನ್ನಡ ಬೆರೆತ ಮಾತು ತುಂಬಿರುತ್ತದೆ. ಫೋನು ಬಿಡಬೇಕೆಂದು ಬಯಸಿಯೂ ಬಿಡಲಾಗದೆ ನಿದ್ದೆ, ಓದು, ಕೆಲಸ ಕೆಟ್ಟವರ ಸ್ಥಿತಿ ಬೇರೆಯದು. ಅವರಿಗೆ ಉಪದೇಶ ನಾಟದು. ಅಂಥವರಿಗಾಗಿಯೇ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ‘ಷಟ್’ ಚಿಕಿತ್ಸಾಲಯ ತೆರೆದಿದೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಆಕ್ಷೇಪ ಕೊನೆಯದು. ಫೋನು ಆರಿಸುವುದು ಉಳ್ಳವರ ಸುಖ ಎನ್ನುತ್ತಾರೆ. ಕುಡುಮಲಕುಂಟೆಯ ಕಾರ್ಖಾನೆಯ ಗುತ್ತಿಗೆ ಕೆಲಸಗಾರನಿಗೆ ನಾಳೆಯ ಪಾಳಿ ತಿಳಿಯುವುದು ಫೋನಿನಲ್ಲಿ. ಉತ್ತರದ ರಾಜ್ಯದಿಂದ ಬಂದವನಿಗೆ ಊರಿನಲ್ಲಿರುವ ಮಗುವಿನ ಮುಖ ಕಾಣುವುದು ಅದರಲ್ಲೇ. ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ಒಯ್ಯುವ ಮೊದಲು ಧಾರಣೆ ನೋಡುವುದೂ ಅದರಲ್ಲೇ. ಮನೆಗೆ ಇರುವುದೊಂದೇ ಫೋನು, ಅದೂ ಗಂಡನ ಜೇಬಿನಲ್ಲಿ ಎನ್ನುವ ಹೆಣ್ಣುಮಗಳಿಗೆ ಫೋನು ಬಿಡು ಎನ್ನುವ ಮಾತಿಗೆ ಅರ್ಥವೇ ಇಲ್ಲ. ಈ ಆಕ್ಷೇಪಕ್ಕೆ ಉತ್ತರವೂ ಉಪಕರಣಗಳ ಹತ್ತಿರವೇ ಇದೆ. 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶ ಕೇಳಲೆಂದು ನಿಲ್ಲಿಸಿದ ಗೌರಿಬಿದನೂರಿನ ಮೊದಲ ದೂರದರ್ಶಕಕ್ಕೆ, ಸುಮಾರು 8.7 ಮೀಟರ್ ಅಲೆಯುದ್ದಕ್ಕೆಂದು ಕಟ್ಟಿದ ಅದರ 1,000 ಡೈಪೋಲ್ ಆಂಟೆನಾಗಳಿಗೆ, ಮೊಬೈಲಿನ ಮಾತು ನೇರವಾಗಿ ಬಡಿಯುವುದಿಲ್ಲ. ಅದರ ತರಂಗಾಂತರ ಬಹಳ ಮೇಲಿನದು. ಇಂಥ ಕೆಳಗಿನ ತರಂಗಾಂತರಗಳಿಗೆ ಕಾಟ ಕೊಡುವುದು ಅಗ್ಗದ ಚಾರ್ಜರು, ಕಳಪೆ ಎಲ್‌ಇಡಿ ದೀಪ, ಕಿಡಿ ಹಾರುವ ತಂತಿ ಇಂಥವು ಸೂಸುವ ಹರಕುಮುರುಕು ಗದ್ದಲ. ಅಂದರೆ ಮೌನ ಹಾಳಾಗುವುದು ಕೆಲಸಕ್ಕೆ ಬಂದ ಒಂದು ಕರೆಯಿಂದಲ್ಲ. ಯಾರೂ ಬೇಡದಿದ್ದರೂ ಸೋರುತ್ತಲೇ ಇರುವುದರಿಂದ. ಪಾಳಿಯ ಸಂದೇಶ, ಮಗುವಿನ ಮುಖ, ಗೂಡಿನ ಧಾರಣೆ ಎಲ್ಲ ಸೇರಿದರೂ ದಿನಕ್ಕೆ ಎಷ್ಟು ನಿಮಿಷವಾದೀತು? ಉಳಿದ ಗಂಟೆಗಳು ಸೋರಿಕೆ. ಆ ಸೋರಿಕೆಯಿಂದ ದುಡ್ಡು ಮಾಡುವವರು ಕುಡುಮಲಕುಂಟೆಯಲ್ಲಿಲ್ಲ.

ಮೌನ ಒಬ್ಬರ ಸ್ವತ್ತೂ ಅಲ್ಲ. ಇದನ್ನು ಕುಂಟೆಯಿರುವ ಊರಿಗೆ ವಿವರಿಸಿ ಹೇಳಬೇಕಾಗಿಲ್ಲ. ಒಬ್ಬನ ಹೊಲದಿಂದ ಕೊಚ್ಚಿಬಂದ ಮಣ್ಣು ಎಲ್ಲರ ಕುಂಟೆಗೆ ಹೂಳಾಗುತ್ತದೆ. ತನ್ನ ಪಾಲಿನ ಹೂಳು ಮಾತ್ರ ತೆಗೆಯುತ್ತೇನೆಂದು ಒಬ್ಬ ಹೊರಟರೆ ಆಗದು. 2020ರ ಮಾರ್ಚ್‌ನಿಂದ ಮೇವರೆಗೆ ಕೋವಿಡ್‌ನಿಂದಾಗಿ ಜಗತ್ತು ಬೀಗ ಹಾಕಿಕೊಂಡಾಗ 117 ದೇಶಗಳ 268 ಭೂಕಂಪನ ಕೇಂದ್ರಗಳ ದಾಖಲೆ ನೋಡಿದ ತೋಮಾ ಲೆಕಾಕ್ ತಂಡ, ಮನುಷ್ಯರ ಓಡಾಟದಿಂದ ಹುಟ್ಟುವ ನೆಲದ ಗದ್ದಲ ಶೇ. 50ರವರೆಗೆ ಇಳಿದದ್ದನ್ನು ಕಂಡಿತು. ಅಲ್ಲಿಯವರೆಗೆ ಮುಚ್ಚಿಹೋಗುತ್ತಿದ್ದ ಸಣ್ಣ ಸಂಕೇತಗಳು ಊರುಗಳ ನಡುವಿನ ಮಾಪಕಗಳಿಗೂ ಸಿಕ್ಕವು. ಒಬ್ಬಿಬ್ಬರು ಮನೆಯಲ್ಲಿ ಕೂತಿದ್ದರೆ ಹಾಗೆ ಆಗುತ್ತಿರಲಿಲ್ಲ, ಎಲ್ಲರೂ ಒಟ್ಟಿಗೆ ಕೂತಿದ್ದರಿಂದ ಆಯಿತು. ಆ ಮೌನ ಭಯದಿಂದ, ಎಷ್ಟೋ ಸಾವಿನ ನಡುವೆ ಬಂದದ್ದು. ಅದನ್ನು ಮತ್ತೆ ಬಯಸಲಾಗದು. ಬಯಸಿ ತಂದುಕೊಂಡ ಮಾದರಿಯೂ ಇದೆ. ನಮ್ಮ ಬೆಳಗಾವಿಗೆ ತಾಗಿದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿ 2022ರಲ್ಲಿ ಒಂದು ಕಟ್ಟಳೆ ಮಾಡಿತು. ಸಂಜೆ 7ಕ್ಕೆ ದೇವಸ್ಥಾನದಿಂದ ಸೈರನ್ ಕೂಗುತ್ತದೆ. ಒಂದೂವರೆ ಗಂಟೆ ಮನೆಮನೆಯಲ್ಲಿ ಟಿ.ವಿ., ಮೊಬೈಲ್ ಆರುತ್ತವೆ. ಮಕ್ಕಳು ಓದಲಿ ಎಂಬುದು ಮುಖ್ಯ ಉದ್ದೇಶ. ಆ ಹೊತ್ತಿನಲ್ಲಿ ದೊಡ್ಡವರೂ ಒಬ್ಬರಿಗೊಬ್ಬರು ಸಿಗುತ್ತಾರೆ. ಫೋನನ್ನು ಯಾರಿಂದಲೂ ಕಿತ್ತುಕೊಂಡಿಲ್ಲ. ಒಂದು ಹೊತ್ತನ್ನು ಎಲ್ಲರೂ ಸೇರಿ ಬೇಲಿ ಹಾಕಿ ಕಾಯುತ್ತಾರೆ, ಅಷ್ಟೆ. ಪಕ್ಕದ ಮನೆಯವನ ಫೋನೂ ಆರಿದ್ದಾಗ ನಮ್ಮದನ್ನು ಆರಿಸಲು ತ್ಯಾಗಬುದ್ಧಿ ಬೇಕಾಗುವುದಿಲ್ಲ. ಮನೋಬಲದ ಮೇಲೆ ಹೊರೆ ಹೊರಿಸುವ ಉಪದೇಶಗಳಿಗಿಂತ ಇದು ಎಷ್ಟೋ ಮೇಲು, ಪಾಳಿ ಕೆಲಸದ ಊರಿಗೂ ಹೊಂದಿಸಿಕೊಳ್ಳಬಹುದಾದ್ದು.

ದೂರದರ್ಶಕದ ವಿಷಯದಲ್ಲಿ ಒಂದು ಮಾತು ಬಾಕಿಯಿದೆ. ಮನುಷ್ಯರ ಗದ್ದಲವೆಲ್ಲ ಕಳೆದ ಮೇಲೂ 34.5 ಮೆಗಾಹರ್ಟ್ಸ್‌ನಲ್ಲಿ ಆಂಟೆನಾಗಳು ಬರಿದಾಗುವುದಿಲ್ಲ. ಒಂದು ಜೋರಾದ ಹಿಸ್ಸೆಂಬ ಸದ್ದು ಉಳಿಯುತ್ತದೆ, ಅದನ್ನು ಯಾವ ಮೌನವಲಯವೂ ತಡೆಯದು. ಅದು ನಮ್ಮ ಆಕಾಶಗಂಗೆಯ ದನಿ. ಕಾಂತಕ್ಷೇತ್ರಗಳಲ್ಲಿ ಸುತ್ತುವ ಇಲೆಕ್ಟ್ರಾನುಗಳು ಸೂಸುವ ರೇಡಿಯೋ ಬೆಳಕು. ಕ್ಷೀಣ ಆಕರಗಳನ್ನು ಹುಡುಕುವವರಿಗೆ ಅದೂ ಗದ್ದಲವೇ. ಕೆ. ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ ಗೌರಿಬಿದನೂರಿನಿಂದ ಆ ಹಿನ್ನೆಲೆಯನ್ನೇ ಅಳೆದು 1990ರಲ್ಲಿ ಆಕಾಶದ ನಕ್ಷೆಯಾಗಿ ಪ್ರಕಟಿಸಿದರು. ಅದೇ ಆಕಾಶಗಂಗೆಯನ್ನು ಕಣ್ಣಿನಿಂದ ನೋಡಬೇಕೆಂದರೆ ಯುಗಾದಿ ಕಳೆದ ವಾರಗಳಲ್ಲಿ, ಅಮಾವಾಸ್ಯೆಯ ಆಸುಪಾಸು, ನಸುಕಿನ ನಾಲ್ಕು ಗಂಟೆಗೆ ಕಾರ್ಖಾನೆಯ ದೀಪಗಳಿಗೆ ಬೆನ್ನು ಕೊಟ್ಟು ಹೊಲದ ಬದುವಿನಲ್ಲಿ ದಕ್ಷಿಣಕ್ಕೆ ತಿರುಗಿ ನಿಲ್ಲಬೇಕು. ಬಾನಿನ ಅರ್ಧ ಎತ್ತರದಲ್ಲಿ ವೃಶ್ಚಿಕದ ಕೊಂಡಿ, ಅದರ ಎಡಕ್ಕೆ ಧನು ರಾಶಿ. ಅವೆರಡರ ನಡುವೆ, ಮೋಡವಿಲ್ಲದಿದ್ದರೆ, ಮೊದಲು ಏನೂ ಕಾಣದ ಕಡೆ, ಅರ್ಧ ಗಂಟೆಯ ಹೊತ್ತಿಗೆ ಹಾಲು ಚೆಲ್ಲಿದಂಥ ಒಂದು ಮಸುಕು ಮೂಡತೊಡಗುತ್ತದೆ.